ಎಪ್ಪತ್ತೈದು ರೂಪಾಯಿಯ ಒಡೆಯರು

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಮಾಸ್ತರರೊಬ್ಬರ ಹೊಸ ಪರಿಚಯವಾದಾಗ ಜನ ಮೊದಲು ಕೇಳುವ ಪ್ರಶ್ನೆ "ಯಾವ ಸೊಸಾಯಿಟಿಯವರು?" ಎಂಬುದು. ಏನು ಕಲಿಸುತ್ತೀರೆಂಬ ಪ್ರಶ್ನೆ ಆಮೇಲೆ ಬರುತ್ತದೆ, ಬಂದರೆ. ಸೊಸಾಯಿಟಿ ಎಂದರೆ ಒಂದೆರಡು ಕಾಲೇಜು, ನಾಲ್ಕಾರು ಹೈಸ್ಕೂಲು, ಹುಡುಗರಿಗೊಂದು ಬೋರ್ಡಿಂಗು, ಅವೆಲ್ಲವುಗಳ ಮೇಲೆ ಒಂದು ಆಡಳಿತ ಮಂಡಳಿ. ಹುಡುಗರು ಒಂದು ಶಾಲೆಯಿಂದ ಇನ್ನೊಂದಕ್ಕೆ ಏರುತ್ತಾರೆ, ಮಾಸ್ತರರು ಒಂದೂರಿನಿಂದ ಇನ್ನೊಂದೂರಿಗೆ ವರ್ಗವಾಗುತ್ತಾರೆ, ಮಂಡಳಿ ಮಾತ್ರ ಇದ್ದಲ್ಲಿಯೆ ಇರುತ್ತದೆ.

ನಾನು ಇಂಥದೊಂದು ಸೊಸಾಯಿಟಿಯ ಹೈಸ್ಕೂಲಿನಲ್ಲಿ ಬಹುಕಾಲ ಇತಿಹಾಸ ಕಲಿಸಿದವನು. ಹೆಸರು ಇಲ್ಲಿ ಬೇಡ. ಮಂಡಳಿಯ ಸಭೆ ನಮ್ಮ ಶಾಲೆಯ ಮಹಡಿಯ ಮೇಲೆಯೆ ನಡೆಯುತ್ತಿತ್ತು. ಒಳಗೆ ಅಡತಿ ವ್ಯಾಪಾರಿಗಳು, ಇಬ್ಬರು ವಕೀಲರು, ಒಬ್ಬ ಡಾಕ್ಟರರು. ಉಪ್ಪಿಟ್ಟು ಚಹಗಳ ತಟ್ಟೆ ಒಳಗೆ ಹೋಗುತ್ತಿತ್ತು, ಮಾಸ್ತರರು ಹೋಗುವಂತಿರಲಿಲ್ಲ. ನಮ್ಮ ಪಗಾರ, ಬಡತಿ, ವರ್ಗ ಎಲ್ಲವೂ ಆ ಬಾಗಿಲಿನ ಹಿಂದೆ ನಿಶ್ಚಯವಾಗಿ ಸಿಪಾಯಿಯ ಕೈಯಲ್ಲಿ ಚೀಟಿಯಾಗಿ ಹೊರಬರುತ್ತಿದ್ದವು. ಇದನ್ನು ದೂರೆಂದು ಹೇಳುತ್ತಿಲ್ಲ, ಹೋಲಿಕೆಗೆಂದು ಹೇಳುತ್ತಿದ್ದೇನೆ. ಏಕೆಂದರೆ ಈ ಸೊಸಾಯಿಟಿಯ ಪದ್ಧತಿ ನಮ್ಮ ಕಡೆಗೆ ಬಂದುದು ಬಹುಮಟ್ಟಿಗೆ ಪುಣೆಯಿಂದ. ಅಲ್ಲಿ ಅದು ಹುಟ್ಟಿದಾಗ ಬಾಗಿಲಿನ ಒಳಗೆ ಕುಳಿತವರು ಮಾಸ್ತರರೆ ಆಗಿದ್ದರು. ಶಾಲೆಯ ಒಡೆಯರೂ ಅವರೆ, ಆಳುಗಳೂ ಅವರೆ. ಆ ವ್ಯವಸ್ಥೆ ಹೇಗೆ ಕೂಡಿಬಂತು, ಎಲ್ಲಿ ಬಿರುಕುಬಿಟ್ಟಿತು, ಬಿರುಕುಬಿಟ್ಟ ಮೇಲೂ ಹೇಗೆ ಬೀಳದೆ ನಿಂತಿತು ಎಂಬ ಕತೆ ನಮ್ಮ ವಾಚಕರಿಗೆ ತಿಳಿದಿರತಕ್ಕದ್ದೆಂದು ನನಗೆ ತೋರುತ್ತದೆ.

ವಿಷ್ಣುಶಾಸ್ತ್ರಿ ಚಿಪಳೂಣಕರರು ರತ್ನಾಗಿರಿಯ ಸರಕಾರಿ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. 1874ರಿಂದ ‘ನಿಬಂಧಮಾಲಾ’ ಎಂಬ ಮಾಸಪತ್ರಿಕೆಯನ್ನು ನಡೆಸುತ್ತಿದ್ದ ಅವರ ಲೇಖನಿ ಮರಾಠಿ ನಾಡಿನಲ್ಲೆಲ್ಲ ಹೆಸರಾಗಿದ್ದಿತು. ಅಂಥ ಲೇಖನಿಗೂ ಸರಕಾರಿ ನೌಕರಿಗೂ ಬಹಳ ದಿನ ಹೊಂದುವುದು ಸಾಧ್ಯವಿರಲಿಲ್ಲ. 1879ರಲ್ಲಿ ನೌಕರಿ ಬಿಟ್ಟು ಪುಣೆಗೆ ಬಂದರು, ಸ್ವಂತದ್ದೊಂದು ಶಾಲೆ ತೆರೆಯಬೇಕೆಂದು. ಆಗ ಡೆಕ್ಕನ್ ಕಾಲೇಜಿನಲ್ಲಿ ಓದು ಮುಗಿಸುತ್ತಿದ್ದ ಇಬ್ಬರು ಗೆಳೆಯರು, ಬಾಳ ಗಂಗಾಧರ ತಿಲಕರು ಮತ್ತು ಗೋಪಾಳ ಗಣೇಶ ಆಗರಕರರು, ಇದೇ ಹುಚ್ಚನ್ನು ತಲೆಯಲ್ಲಿ ತುಂಬಿಕೊಂಡಿದ್ದರು. ಅವರು ಚಿಪಳೂಣಕರರ ಬಳಿಗೆ ತಾವಾಗಿ ಹೋದರು. ಆಗರಕರರದು ಕಡು ಬಡತನದ ಮನೆ. ಮಗ ಎಂ.ಎ. ಮಾಡಿ ದೊಡ್ಡ ಪಗಾರದ ಸಾಹೇಬನಾಗುತ್ತಾನೆಂದು ಕಾದಿದ್ದ ತಾಯಿಗೆ, ಹೊಟ್ಟೆ ತುಂಬುವಷ್ಟರಲ್ಲಿಯೆ ತೃಪ್ತಿಪಟ್ಟು ಉಳಿದ ಆಯುಷ್ಯವನ್ನು ಪರರಿಗಾಗಿ ಕಳೆಯುವೆನೆಂದು ಅವರು ಬರೆದ ಕಾಗದದ ಕತೆ ಮಹಾರಾಷ್ಟ್ರದ ಮಕ್ಕಳಿಗೆಲ್ಲ ಗೊತ್ತು. ಆ ಕಾಗದ ಓದಿ ತಾಯಿಗೆ ಏನನಿಸಿತೆಂಬುದನ್ನು ಯಾರೂ ಬರೆದಿಡಲಿಲ್ಲ.

1880ರ ಜನವರಿಯ ಆರಂಭದಲ್ಲಿ ಬುಧವಾರ ಪೇಟೆಯ ಹಳೆಯ ವಾಡೆಯೊಂದರಲ್ಲಿ ಶಾಲೆ ತೆರೆಯಿತು. ಚಿಪಳೂಣಕರ, ತಿಲಕ, ಮಹಾದೇವ ಬಲ್ಲಾಳ ನಾಮಜೋಶಿ, ಇವರು ಮೂವರು ಮೊದಲಿಗರು. ಅದೇ ವರ್ಷ ವಾಮನ ಶಿವರಾಮ ಆಪ್ಟೆಯವರು ಬಂದು ಸೇರಿದರು, ಎಂ.ಎ. ಮುಗಿಸಿಕೊಂಡು 1881ರಲ್ಲಿ ಆಗರಕರರು ಬಂದರು. ದೇಶಾಭಿಮಾನಿಗಳು ಕಟ್ಟಿದ ಈ ಶಾಲೆಗೆ ಇಟ್ಟ ಹೆಸರು ‘ನ್ಯೂ ಇಂಗ್ಲಿಷ್ ಸ್ಕೂಲ್’ ಎಂಬುದನ್ನು ಓದುವಾಗ ಇಂದಿನವರಿಗೆ ನಗೆ ಬರಬಹುದು. ಆದರೆ ಆಗಿನ ತಂದೆತಾಯಿಗಳಿಗೆ ಬೇಕಾಗಿದ್ದುದು ಮೆಟ್ರಿಕ್ ಪಾಸಾಗುವ ಇಂಗ್ಲಿಷು. ಅದನ್ನು ಸರಕಾರಿ ಶಾಲೆಗಿಂತ ಚೆನ್ನಾಗಿ, ಸರಕಾರದ ಹಂಗಿಲ್ಲದೆ ಕಲಿಸಿ ತೋರಿಸಬೇಕೆಂಬುದೆ ಇವರ ಹಟವಾಗಿದ್ದಿತು. ತೋರಿಸಿದರು. ಮೆಟ್ರಿಕ್ ಪರೀಕ್ಷೆಯ ಸಂಸ್ಕೃತದಲ್ಲಿ ಮೇಲಾದವರಿಗೆ ಸಿಗುವ ಜಗನ್ನಾಥ ಶಂಕರಶೇಟ್ ಸ್ಕಾಲರ್‌ಶಿಪ್ಪು ಮೇಲಿಂದ ಮೇಲೆ ಈ ಶಾಲೆಗೆ ಬರತೊಡಗಿತು. ಅದರ ಹಿಂದೆ ಆಪ್ಟೆಯವರ ಕೈ. ನಮ್ಮಲ್ಲಿ ಸಂಸ್ಕೃತ ಓದುವವರ ಮೇಜಿನ ಮೇಲೆ ಇಂದಿಗೂ ಇರುವ ಆಪ್ಟೆ ನಿಘಂಟು ಇವರದೇ. ಇಡೀ ದಿನ ಶಾಲೆಯ ಮೇಲ್ವಿಚಾರಣೆ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಅದನ್ನು ಬರೆದು 1890ರಲ್ಲಿ ಹೊರತಂದರು. ಎರಡೇ ವರ್ಷದ ಮೇಲೆ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು.

ಶಾಲೆಯ ಜೊತೆಗೆ 1881ರ ಜನವರಿಯಲ್ಲಿ ಮರಾಠಿಯ ‘ಕೇಸರಿ’, ಇಂಗ್ಲಿಷಿನ ‘ಮರಾಠಾ’ ಎಂಬ ಎರಡು ಪತ್ರಿಕೆಗಳು ಹೊರಟವು. ಅದೇ ಗುಂಪು, ಅದೇ ಕೈಗಳು. ಮರುವರ್ಷ, 1882, ಈ ಗುಂಪಿನ ಪಾಲಿಗೆ ಕಠಿಣ ಪರೀಕ್ಷೆಯ ವರ್ಷವಾಯಿತು. ಮಾರ್ಚಿಯಲ್ಲಿ ಚಿಪಳೂಣಕರರು ತೀರಿಕೊಂಡರು, ಮೂವತ್ತೆರಡು ಕೂಡ ತುಂಬಿರಲಿಲ್ಲ. ಕೊಲ್ಹಾಪುರದ ದಿವಾನರು ಅಲ್ಲಿನ ಎಳೆಯ ಮಹಾರಾಜರನ್ನು ಪೀಡಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಬರೆದುದಕ್ಕಾಗಿ ತಿಲಕ ಆಗರಕರರ ಮೇಲೆ ಮಾನಹಾನಿಯ ಖಟ್ಲೆ ನಡೆದು ನಾಲ್ಕು ತಿಂಗಳ ಸಜೆಯಾಯಿತು. ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿವಸ ಕಳೆದು ಅಕ್ಟೋಬರಿನಲ್ಲಿ ಹೊರಗೆ ಬಂದರು. ಮುಖ್ಯಸ್ಥನು ಸತ್ತು ಇಬ್ಬರು ಮಾಸ್ತರರು ಜೈಲಿನಲ್ಲಿದ್ದ ಆ ಅವಧಿಯಲ್ಲಿಯೂ ಶಾಲೆಯ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಿತ್ತು. ಅದೇ ವರ್ಷ ವಿದ್ಯಾಭ್ಯಾಸದ ವಿಚಾರಣೆಗೆಂದು ನೇಮಕವಾಗಿದ್ದ ಆಯೋಗದ ಅಧ್ಯಕ್ಷ ಹಂಟರ್ ಸಾಹೇಬನು ಈ ಶಾಲೆಯನ್ನು ನೋಡಿ ಮನಸಾರೆ ಹೊಗಳಿದನು.

ಆದರೆ ಈ ವರ್ಷದ ಪಾಠ ಅವರಿಗೆ ಮನದಟ್ಟಾಗದೆ ಇರಲಿಲ್ಲ. ಶಾಲೆ ಐದು ಮಂದಿಯ ಸ್ನೇಹದ ಮೇಲೆ ನಿಂತಿದ್ದಿತು. ಮನುಷ್ಯರು ಸಾಯುತ್ತಾರೆ, ಜೈಲಿಗೆ ಹೋಗುತ್ತಾರೆ, ಮನಸ್ಸು ಬದಲಿಸುತ್ತಾರೆ. ಅದಲ್ಲದೆ ಈಗ ಒಂದು ಕಾಲೇಜು ಕಟ್ಟುವ ಆಸೆ ಹುಟ್ಟಿತ್ತು. ಕಾಲೇಜಿಗೆ ದೊಡ್ಡ ಹಣ ಬೇಕು. ಸಂಸ್ಥಾನಿಕರ ಮುಂದೆ ವರ್ಗಣಿಗೆ ಹೋಗಿ ನಿಂತರೆ ಅವರು ಕೇಳುವ ಮೊದಲ ಪ್ರಶ್ನೆ, "ಈ ಹಣ ಯಾರ ಹೆಸರಿಗೆ? ನಾಳೆ ನಿಮ್ಮಲ್ಲಿ ಜಗಳವಾದರೆ ಕಟ್ಟಡ ಯಾರದು?" ಎಂದಲ್ಲವೆ? ಉತ್ತರ ಇರಬೇಕಾಗಿತ್ತು. 1884ರ ಅಕ್ಟೋಬರ್ 24ರಂದು ಪುಣೆಯಲ್ಲಿ ಸಭೆ ಕೂಡಿ ‘ಡೆಕ್ಕನ್ ಎಜುಕೇಶನ್ ಸೊಸೈಟಿ’ಯನ್ನು ಸ್ಥಾಪಿಸಿದುದು ಈ ಉತ್ತರಕ್ಕಾಗಿ. 1885ರ ಜನವರಿ 2ರಂದು ಕಾಲೇಜು ತೆರೆಯಿತು. ಮುಂಬಯಿಯ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ನರ ಹೆಸರನ್ನು ಅದಕ್ಕೆ ಇಟ್ಟರು. ಎರಡು ವರ್ಷದ ಹಿಂದೆ ಸರಕಾರದ ಜೈಲಿನಲ್ಲಿದ್ದವರು ಸರಕಾರದ ಗವರ್ನರನ ಹೆಸರಿಟ್ಟುದು ವ್ಯವಹಾರಜ್ಞಾನ. ಇದರಲ್ಲಿ ನಾಮಜೋಶಿಯವರದು ದೊಡ್ಡ ಪಾತ್ರ. ಬರೆಯುವವರಿಗೆ ಭಾಷಣ ಮಾಡುವವರಿಗೆ ಚರಿತ್ರೆ ಜಾಗ ಕೊಡುತ್ತದೆ, ಊರೂರು ತಿರುಗಿ ದೊರೆಗಳ ಓಲಗದಲ್ಲಿ ಕಾದುನಿಂತು ರೂಪಾಯಿ ತರುವವನನ್ನು ಅಡಿಟಿಪ್ಪಣಿಗೆ ತಳ್ಳುತ್ತದೆ. ಕೊಲ್ಹಾಪುರದಿಂದ, ದಕ್ಷಿಣ ಮರಾಠಾ ಸಂಸ್ಥಾನಗಳಿಂದ ಬಂದ ಹಣದ ಹಿಂದೆ ನಾಮಜೋಶಿಯವರ ಕಾಲುಗಳಿದ್ದವು.

ಈಗ ಆ ಸೊಸೈಟಿಯ ಕಟ್ಟಳೆಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕತೆಯ ಮುಂದಿನ ಸಂಕಟವೆಲ್ಲ ಅವುಗಳಲ್ಲಿಯೆ ಅಡಗಿದೆ. ಸೊಸೈಟಿಗೆ ಎರಡು ಅಂಗಗಳು. ಮೇಲೆ ಒಂದು ಕೌನ್ಸಿಲ್ಲು. ಅದರಲ್ಲಿ ಹಣ ಕೊಟ್ಟವರು, ಹೆಸರಿದ್ದವರು ಇದ್ದರು. ಸರ್ ವಿಲಿಯಂ ವೆಡರ್‌ಬರ್ನ್, ನ್ಯಾಯಮೂರ್ತಿ ರಾನಡೆ, ಭಾಂಡಾರಕರರಂಥವರು ಸೊಸೈಟಿಯ ಬೆನ್ನಿಗೆ ನಿಂತರು. ಮೂಲಧನ, ಆಸ್ತಿ, ದೊಡ್ಡ ಖರ್ಚುಗಳ ಮೇಲೆ ಕೌನ್ಸಿಲ್ಲಿನ ಕಣ್ಣು. ಆದರೆ ದಿನದಿನದ ಆಡಳಿತ, ಯಾರು ಏನು ಕಲಿಸಬೇಕು, ಯಾರು ಪ್ರಿನ್ಸಿಪಾಲರಾಗಬೇಕು, ಯಾರನ್ನು ಹೊಸದಾಗಿ ಸೇರಿಸಿಕೊಳ್ಳಬೇಕು, ಇವೆಲ್ಲ ಎರಡನೆಯ ಅಂಗದ ಕೈಯಲ್ಲಿ. ಅದು ‘ಆಜೀವ ಸದಸ್ಯರ’ ಮಂಡಳಿ. ಆಜೀವ ಸದಸ್ಯನೆಂದರೆ ಸೊಸೈಟಿಯ ಶಾಲೆ ಕಾಲೇಜುಗಳಲ್ಲಿ ಕಲಿಸುವ ಮಾಸ್ತರನೆ. ಅವನು ಇಪ್ಪತ್ತು ವರ್ಷ ಬಿಡದೆ ಸೇವೆ ಮಾಡುವೆನೆಂದು ಮಾತು ಕೊಡಬೇಕು. ಎಲ್ಲರಿಗೂ ಒಂದೇ ಪಗಾರ, ಎಲ್ಲರಿಗೂ ಒಂದೊಂದು ಮತ. ಕಾಲೇಜಿನ ಪ್ರಿನ್ಸಿಪಾಲನಿಗೂ ಹೈಸ್ಕೂಲಿನ ಮಾಸ್ತರನಿಗೂ ಇದರಲ್ಲಿ ಭೇದವಿಲ್ಲ. ಬೇಕಾದರೆ ಕಾಲೇಜಿನವನು ಹೋಗಿ ಹೈಸ್ಕೂಲಿನಲ್ಲಿ ಕಲಿಸಬೇಕು. ಮೊದಲು ನಾಲ್ವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಪಗಾರ ಮುಂದೆ ಎಪ್ಪತ್ತೈದಕ್ಕೆ ನಿಂತಿತು. ಅದರ ಜೊತೆ ಸೊಸೈಟಿಯ ಖರ್ಚಿನಲ್ಲಿ ಜೀವವಿಮೆ, ಇಪ್ಪತ್ತು ವರ್ಷದ ಮೇಲೆ ಮೂವತ್ತು ರೂಪಾಯಿಯ ನಿವೃತ್ತಿವೇತನ. ಸರಕಾರಿ ಕಾಲೇಜಿನ ಆಂಗ್ಲ ಪ್ರೊಫೆಸರನ ಪಗಾರ ಇದರ ಹಲವು ಪಟ್ಟು.

1884ರಲ್ಲಿ ಈ ಕರಾರಿಗೆ ಒಪ್ಪಿದವರು ಏಳು ಜನ: ಆಪ್ಟೆ, ತಿಲಕ, ಆಗರಕರ, ನಾಮಜೋಶಿ, ಕೇಳಕರ, ಗೋಳೆ, ಧಾರಪ. ಮರುವರ್ಷ ಗೋಪಾಲಕೃಷ್ಣ ಗೋಖಲೆ ಎಂಬ ಹತ್ತೊಂಬತ್ತರ ತರುಣ ಮೂವತ್ತೈದು ರೂಪಾಯಿಯ ಸಹಾಯಕ ಮಾಸ್ತರನಾಗಿ ಬಂದು, ಬೇಗನೆ ಆಜೀವ ಸದಸ್ಯನೂ ಆದನು. ಏನು ಕಲಿಸು ಎಂದರೆ ಅದನ್ನು ಕಲಿಸುತ್ತಿದ್ದನು: ಇಂಗ್ಲಿಷು, ಗಣಿತ, ಆಮೇಲೆ ಇತಿಹಾಸ, ಅರ್ಥಶಾಸ್ತ್ರ. ಶಾಲೆಯಲ್ಲಿ ಕಲಿಸುತ್ತ ಅವನು ಹೊಂದಿಸಿದ ಅಂಕಗಣಿತದ ಪುಸ್ತಕ ಮುಂದೆ ದೇಶದ ತುಂಬ ನಡೆಯಿತು.

ಜಗಳ ಹುಟ್ಟಿದುದು ಪಗಾರದಿಂದ. ತಿಲಕ ಆಗರಕರರು ಬೇರೆಯಾದುದು ಸಮಾಜಸುಧಾರಣೆಯ ವಿಷಯದಲ್ಲಿ ಎಂದು ಶಾಲೆಯ ಪುಸ್ತಕಗಳಲ್ಲಿ ನಾನೂ ಕಲಿಸಿದ್ದೇನೆ, ಅದು ಸುಳ್ಳೂ ಅಲ್ಲ. ಆಗರಕರರಿಗೆ ಮೊದಲು ಸಮಾಜ ತಿದ್ದಬೇಕಾಗಿತ್ತು, ತಿಲಕರಿಗೆ ಮೊದಲು ಸ್ವರಾಜ್ಯ ಬೇಕಾಗಿತ್ತು. 1887ರಲ್ಲಿ ಆಗರಕರರು ಕೇಸರಿಯ ಸಂಪಾದಕತ್ವ ಬಿಟ್ಟರು. 1888ರಲ್ಲಿ ‘ಸುಧಾರಕ’ ಎಂಬ ತಮ್ಮದೇ ಪತ್ರಿಕೆ ಹೊರಡಿಸಿದರು, ಅದರ ಇಂಗ್ಲಿಷ್ ಭಾಗ ಗೋಖಲೆಯವರ ಕೈಯಲ್ಲಿತ್ತು. ಆದರೆ ಪತ್ರಿಕೆಗಳ ಜಗಳ ಪತ್ರಿಕೆಗಳಲ್ಲಿಯೆ ತೀರಬಹುದಾಗಿತ್ತು. ಶಾಲೆಯ ಒಳಗೆ ಅದು ಬೇರೆ ರೂಪ ತಾಳಿತು. ಸಂಸಾರ ಬೆಳೆಯುತ್ತಿದೆ, ಪಗಾರವನ್ನು ಕೊಂಚ ಏರಿಸಬೇಕೆಂಬ ಸೂಚನೆ ಆಗರಕರರ ಕಡೆಯಿಂದ ಬಂತು. ತಿಲಕರು ವಿರೋಧಿಸಿದರು. ಆಜೀವ ಸದಸ್ಯರು ಶಾಲೆಯ ಹೊತ್ತಿನ ಹೊರಗೆ ಪುಸ್ತಕ ಬರೆದೋ ಪತ್ರಿಕೆ ನಡೆಸಿಯೋ ಸಂಪಾದಿಸಬಹುದೆ ಎಂಬ ಪ್ರಶ್ನೆ ಅದರ ಬೆನ್ನಿಗೆ ಬಂತು. ತಿಲಕರು ಅದನ್ನೂ ವಿರೋಧಿಸಿದರು.

ಅವರ ವಾದ ಕ್ರೈಸ್ತರ ಜೆಸುಇಟ್ ಪಾದ್ರಿಗಳ ಮಾದರಿಯದು. ಹೊರಗೆ ದುಡಿದುದೆಲ್ಲ ಸೊಸೈಟಿಯ ಬೊಕ್ಕಸಕ್ಕೆ ಬರಲಿ, ಅದರಿಂದ ಎಲ್ಲರ ಪಾಲನೆಯೂ ಆಗಲಿ. ಒಬ್ಬನಿಗೆ ಪುಸ್ತಕ ಬರೆಯುವ ಚಾತುರ್ಯವಿದೆ, ಇನ್ನೊಬ್ಬನಿಗೆ ಇಲ್ಲ. ಹೊರಗಿನ ಸಂಪಾದನೆಗೆ ಬಾಗಿಲು ತೆರೆದ ದಿನವೆ ಸಮಾನತೆ ಹೋಯಿತು. ಮನಸ್ಸು ಒಡೆಯುವುದು ಆಮೇಲಿನ ಮಾತು, ಮೊದಲು ಹೊತ್ತು ಒಡೆಯುತ್ತದೆ. ಮುಂದೆ ಸೇರುವವನು ಎಪ್ಪತ್ತೈದು ರೂಪಾಯಿಯನ್ನು ನೆಲಗಟ್ಟೆಂದು ತಿಳಿದು, ಅದರ ಮೇಲೆ ಮನೆ ಕಟ್ಟಲು ಬರುತ್ತಾನೆ. ಸೊಸೈಟಿಗೆ ಬೇರೆ ಬಂಡವಾಳವಿಲ್ಲ, ಈ ಏಳೆಂಟು ಜನರ ತ್ಯಾಗವೆ ಅದರ ಬಂಡವಾಳ, ಅದನ್ನು ಕರಗಿಸಬೇಡಿರಿ.

ಇದಿರು ಪಕ್ಷದ ಮಾತೂ ಹಗುರವಾದುದೇನಲ್ಲ. ಶಾಲೆಗೆ ಮಾತು ಕೊಟ್ಟಿರುವುದು ಶಾಲೆಯ ಕೆಲಸಕ್ಕೆ, ಇಪ್ಪತ್ತನಾಲ್ಕು ತಾಸಿಗೂ ಅಲ್ಲ. ಆಗರಕರರಿಗೆ ದಮ್ಮಿನ ರೋಗ, ಮನೆಯಲ್ಲಿ ಸಂಸಾರ. ಸಂನ್ಯಾಸಿಗಳ ಕಟ್ಟಳೆಯನ್ನು ಸಂಸಾರಿಗಳ ಮೇಲೆ ಹೇರಿದರೆ ನಡೆದೀತೆ? ಜೆಸುಇಟ್ ಪಾದ್ರಿಗೆ ಹೆಂಡತಿ ಇಲ್ಲ, ಮಗಳ ಮದುವೆ ಇಲ್ಲ. ಅದೂ ಅಲ್ಲದೆ ತಿಲಕರೂ ಹೊರಗೆ ಪತ್ರಿಕೆ ನಡೆಸುತ್ತಿದ್ದಾರಲ್ಲ ಎಂಬ ಮಾತೂ ಎದ್ದಿತು. ಪತ್ರಿಕೆ ಆಗ ಸಾಲದಲ್ಲಿತ್ತು, ಅದರಿಂದ ಲಾಭದ ಮಾತೇ ಇರಲಿಲ್ಲ. ಆದರೆ ಹೊತ್ತು ಒಡೆಯುತ್ತದೆಂಬ ತಿಲಕರ ವಾದವೆ ತಿಲಕರ ಮೇಲೆ ತಿರುಗಿತು.

ಕಡೆಗೆ 1890ರಲ್ಲಿ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ಒಪ್ಪಿಕೊಂಡರು. ಆಜೀವ ಸದಸ್ಯನಿಗೆ ಇದು ಸಲ್ಲದೆಂದು ತಿಲಕರು ಆಕ್ಷೇಪಿಸಿದರು. ಮಂಡಳಿಯಲ್ಲಿ ಬಹುಮತ ಗೋಖಲೆಯವರ ಕಡೆಗಿತ್ತು. ಅಕ್ಟೋಬರಿನಲ್ಲಿ ತಿಲಕರು ರಾಜೀನಾಮೆ ಬರೆದರು. ಡಿಸೆಂಬರಿನಲ್ಲಿ ಅದರ ಕಾರಣಗಳನ್ನು ವಿವರಿಸುವ ಬಹು ದೀರ್ಘವಾದ ಪತ್ರವೊಂದನ್ನು ಬರೆದರು. ಅದರಲ್ಲಿ ಕೋಪವಿದೆ, ಲೆಕ್ಕವಿದೆ, ಒಂದೊಂದು ಸಭೆಯ ಠರಾವಿನ ತಕರಾರಿದೆ. ಆದರೆ ಒಳಗೆ ಇರುವುದು ದುಃಖ. ತಾನು ಬಾಳಿನ ಗುರಿಯೆಂದುಕೊಂಡುದನ್ನು ಕೈಯಾರೆ ಬಿಟ್ಟುಹೋಗುವವನ ದುಃಖ. ಒಬ್ಬೊಬ್ಬನಿಗೂ ಒಂದೊಂದು ಮತವೆಂಬ ಕಟ್ಟಳೆಯನ್ನು ಕೂಡಿ ಮಾಡಿದವರಲ್ಲಿ ಅವರೂ ಒಬ್ಬರು. ಆ ಕಟ್ಟಳೆಯ ಪ್ರಕಾರವೆ ಅವರು ಸೋತರು. ಸೋತಮೇಲೆ ಶಾಲೆಯನ್ನು ಒಡೆಯಲಿಲ್ಲ, ಕಟ್ಟಡದ ಮೇಲೆ ಹಕ್ಕು ಹೂಡಲಿಲ್ಲ, ಎದುರಿಗೆ ಇನ್ನೊಂದು ಶಾಲೆ ತೆಗೆಯಲಿಲ್ಲ. ಹೊಟ್ಟೆಪಾಡಿಗೆ ಕಾಯಿದೆಯ ಪರೀಕ್ಷೆಗೆ ಕೂಡುವವರಿಗೆ ಪಾಠ ಹೇಳುವ ವರ್ಗ ನಡೆಸಿದರು, ಪತ್ರಿಕೆಯನ್ನು ಅದರ ಸಾಲದೊಡನೆ ತಮ್ಮ ಮೇಲೆ ಹೊತ್ತುಕೊಂಡರು. ನಮ್ಮ ಕಡೆಯ ಸೊಸಾಯಿಟಿಗಳ ಜಗಳ ಕೋರ್ಟು ಹತ್ತುವುದನ್ನು ನೋಡಿ ಬಲ್ಲವನಾದ್ದರಿಂದ ಈ ಸಂಗತಿ ನನಗೆ ಅವರ ಇನ್ನೆಷ್ಟೋ ದೊಡ್ಡ ಸಂಗತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಯಾರ ವಾದ ಸರಿ? ಬಹಳ ವರ್ಷ ನನ್ನ ಒಲವು ತಿಲಕರ ಕಡೆಗೆ. ಮಾಸ್ತರರು ಮನೆಪಾಠದ ದುಡ್ಡಿಗೆ ತರಗತಿಯ ಪಾಠವನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಕಂಡವರಾರಿಗೂ ಅವರ ಮಾತು ಭವಿಷ್ಯವಾಣಿಯಂತೆ ಕೇಳೀತು. ಆದರೆ ಮುಂದೆ ಆದುದನ್ನೂ ನೋಡಬೇಕು. ತಿಲಕರು ಬಿಟ್ಟುಹೋದ ಗಣಿತದ ಜಾಗಕ್ಕೆ ಗೋಖಲೆಯವರು ತಮ್ಮ ಎಲ್ಫಿನ್‌ಸ್ಟನ್ ಕಾಲೇಜಿನ ಸಹಪಾಠಿಯೊಬ್ಬನನ್ನು ಮುಂಬಯಿಯಿಂದ ಕರೆಸಿದರು. ಅವರೇ ಧೋಂಡೋ ಕೇಶವ ಕರ್ವೆ. 1891ರಲ್ಲಿ ಬಂದರು, ಆಜೀವ ಸದಸ್ಯರಾದರು. 1893ರಲ್ಲಿ ವಿಧವೆಯೊಬ್ಬಳನ್ನು ಮದುವೆಯಾದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. ಆಶ್ರಮ ಹಿಂಗಣೆಗೆ ಹೋದ ಮೇಲೆ, ಹಗಲೆಲ್ಲ ಫರ್ಗ್ಯುಸನ್ನಿನಲ್ಲಿ ಗಣಿತ ಕಲಿಸಿ ಸಂಜೆ ಸಾಮಾನು ಸರಂಜಾಮು ಹೊತ್ತುಕೊಂಡು ಕೆಸರಿನ ದಾರಿಯಲ್ಲಿ ಅಲ್ಲಿಗೆ ನಡೆದುಹೋಗುತ್ತಿದ್ದರು. ಇದು ಹೊತ್ತು ಒಡೆಯುವುದಲ್ಲದೆ ಮತ್ತೇನು? ತಿಲಕರ ಕಟ್ಟಳೆ ಗೆದ್ದಿದ್ದರೆ ಕರ್ವೆಯವರಿಗೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತಿತ್ತೋ ಏನೋ. 1914ರಲ್ಲಿ ಸೊಸೈಟಿಯಿಂದ ನಿವೃತ್ತರಾದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. 1958ರಲ್ಲಿ ನೂರನೆಯ ವರ್ಷದಲ್ಲಿ ಭಾರತರತ್ನ ಬಂತು.

ಹೀಗೆ ಸೊಸೈಟಿ ಕೈಬಿಟ್ಟ ಕಠಿಣ ಕಟ್ಟಳೆಯ ಜಾಗದಲ್ಲಿ ಬೇರೊಂದು ಬಗೆಯ ಬೆಳೆ ಬಂತು. ಗೋಖಲೆಯವರು ಕಾರ್ಯದರ್ಶಿಯಾಗಿ ಊರೂರು ತಿರುಗಿ, ಒಂದೊಂದು ರೂಪಾಯಿಗೂ ಕೈಚಾಚಿ, ಊರ ಹೊರಗಿನ ವಿಶಾಲವಾದ ಬಯಲಿನಲ್ಲಿ ಕಾಲೇಜಿನ ಸ್ವಂತ ಕಟ್ಟಡವೆದ್ದು 1895ರಲ್ಲಿ ಅಲ್ಲಿ ಪಾಠಗಳು ನಡೆಯುವಂತೆ ಮಾಡುವುದರಲ್ಲಿ ದುಡಿದರು. 1902ರಲ್ಲಿ ತಮ್ಮ ಕರಾರು ತೀರಿಸಿ ಹೊರಬಂದಾಗ ಅವರಿಗೆ ವಯಸ್ಸು ಮೂವತ್ತಾರು, ನಿವೃತ್ತಿವೇತನ ತಿಂಗಳಿಗೆ ಮೂವತ್ತು ರೂಪಾಯಿ. ಅಲ್ಲಿಂದ ವೈಸರಾಯರ ಶಾಸನಸಭೆಗೆ ಹೋದರು. 1905ರಲ್ಲಿ ಭಾರತ ಸೇವಕರ ಸಂಘವನ್ನು ಕಟ್ಟಿ, ಅದಕ್ಕೆ ಸೇರುವವರಿಂದ ಅವರು ಮಾಡಿಸಿದ ಪ್ರತಿಜ್ಞೆಗಳಲ್ಲಿ ಒಂದು, ಸ್ವಂತಕ್ಕಾಗಿ ಹಣ ಗಳಿಸುವುದಿಲ್ಲ ಎಂಬುದು! ತಿಲಕರು ಇದನ್ನು ಓದಿ ನಕ್ಕಿರಬಹುದೆಂದು ನನ್ನ ಊಹೆ.

ರಘುನಾಥ ಪುರುಷೋತ್ತಮ ಪರಾಂಜಪೆಯವರು ಈ ಸೊಸೈಟಿಯಲ್ಲಿಯೆ ಓದಿ ಕೇಂಬ್ರಿಜ್ಜಿಗೆ ಹೋದವರು. 1899ರಲ್ಲಿ ಗಣಿತದ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯರು. ಆ ಹೆಸರಿಗೆ ಸರಕಾರ ಏನು ಬೇಕಾದರೂ ಕೊಡುತ್ತಿತ್ತು. ಅವರು ಕೊಟ್ಟ ಮಾತಿನಂತೆ ಮರಳಿ ಬಂದು, ಆಜೀವ ಸದಸ್ಯನ ಪಗಾರಕ್ಕೆ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿ ಬಹು ವರ್ಷ ದುಡಿದರು.

ಒಂದು ಲೆಕ್ಕ ನನಗೆ ಆಗಾಗ ನೆನಪಾಗುತ್ತದೆ. ಮೊದಲ ಐವರನ್ನು ತೆಗೆದುಕೊಳ್ಳೋಣ. ಚಿಪಳೂ‌ಣಕರರು 1882ರಲ್ಲಿ ತೀರಿಕೊಂಡರು. ತಿಲಕರು 1890ರಲ್ಲಿ ಬಿಟ್ಟರು. ಆಪ್ಟೆಯವರು 1892ರಲ್ಲಿ ತೀರಿಕೊಂಡರು. ಅವರ ತರುವಾಯ ಪ್ರಿನ್ಸಿಪಾಲರಾದ ಆಗರಕರರು 1895ರಲ್ಲಿ, ನಲವತ್ತು ತುಂಬುವ ಮೊದಲೆ. ಕೇಸರಿಯಲ್ಲಿ ಅವರ ಮರಣಲೇಖವನ್ನು ತಿಲಕರೇ ಬರೆದರು. ನಾಮಜೋಶಿಯವರು 1896ರಲ್ಲಿ. ಇಪ್ಪತ್ತು ವರ್ಷದ ಕರಾರು ಮಾಡಿದ ಈ ಗುಂಪಿನ ಮೊದಲಿಗರಲ್ಲಿ ಇಪ್ಪತ್ತು ವರ್ಷ ಪೂರೈಸಿದವರು ಒಬ್ಬರೂ ಇಲ್ಲ. ಅವರ ಸ್ನೇಹವೂ ಇಪ್ಪತ್ತು ವರ್ಷ ಬಾಳಲಿಲ್ಲ. ಆದರೆ ಶಾಲೆ ಬಾಳಿತು. ಒಂದು ಮತ, ಒಂದು ಪಗಾರ, ಆಸ್ತಿ ಯಾರದೂ ಅಲ್ಲ ಎಂಬ ಮೂರು ಸಾಲುಗಳು ಅವರೆಲ್ಲರಿಗಿಂತ ಗಟ್ಟಿಯಾಗಿದ್ದವು.

ಆಮೇಲೆ ಬೆಳೆದ ಬಗೆಯನ್ನು ಬೇಗನೆ ಹೇಳಿಬಿಡುತ್ತೇನೆ. 1899ರಲ್ಲಿ ಸಾತಾರೆಯಲ್ಲಿ ಸೊಸೈಟಿಯ ಹೈಸ್ಕೂಲು ಆಯಿತು, ಪುಣೆಯಲ್ಲಿ ಸಣ್ಣ ಮಕ್ಕಳಿಗಾಗಿ ನವೀನ ಮರಾಠಿ ಶಾಲೆ ತೆರೆಯಿತು. 1919ರಲ್ಲಿ ಸಾಂಗಲಿ ಮೀರಜಗಳ ನಡುವೆ ವಿಲಿಂಗ್ಡನ್ ಕಾಲೇಜು, 1943ರಲ್ಲಿ ಪುಣೆಯಲ್ಲಿ ವಾಣಿಜ್ಯ ಕಾಲೇಜು. ಒಂದೊಂದು ಹೊಸ ಶಾಲೆಗೂ ಹೊಸ ಮಂಡಳಿ ಹುಟ್ಟಲಿಲ್ಲ, ಇದ್ದ ಆಜೀವ ಸದಸ್ಯರಲ್ಲಿಯೆ ಕೆಲವರು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ನಡೆದರು.

ಕನ್ನಡಿಗರಾದ ನಮಗೂ ಈ ಮನೆಗೂ ಇರುವ ನಂಟು ಸಣ್ಣದಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆಗುವವರೆಗೆ ನಮ್ಮ ಮುಂಬಯಿ ಕರ್ನಾಟಕದ ಹುಡುಗರಿಗೆ ಕಾಲೇಜೆಂದರೆ ಪುಣೆ, ಇಲ್ಲವೆ ಮುಂಬಯಿ. ಆಲೂರ ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿದರು. ಬೇಂದ್ರೆಯವರು ಅಲ್ಲಿಯೆ ಓದಿ 1918ರಲ್ಲಿ ಬಿ.ಎ. ಆಗಿ ಧಾರವಾಡಕ್ಕೆ ಮರಳಿ ಮಾಸ್ತರರಾದರು. ಮುಂದೆ ವಿನಾಯಕ ಕೃಷ್ಣ ಗೋಕಾಕರು ಫರ್ಗ್ಯುಸನ್ನಿನಲ್ಲಿ ಇಂಗ್ಲಿಷ್ ಕಲಿಸಿದರು, ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು. ರಂ. ಶ್ರೀ. ಮುಗಳಿಯವರು ಸಾಂಗಲಿಯ ಆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಯನ್ನು ಕೈಯಲ್ಲಿ ಹಿಡಿಯುವವರಿಗೆ, ಅದನ್ನು ಬರೆದವರು ಮರಾಠಿ ಊರೊಂದರ ಕಾಲೇಜಿನಲ್ಲಿ ದುಡಿದವರೆಂಬುದು ಎಷ್ಟೋ ಸಲ ಹೊಳೆಯುವುದೇ ಇಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಪುಣೆಯ ಆ ಬಾಗಿಲಿನ ಒಳಗೆ ಮಾಸ್ತರರು ಸಮಾನರಾಗಿ ಕುಳಿತಿದ್ದರೆಂದೆನಲ್ಲ, ಅವರೆಲ್ಲ ಒಂದೇ ಜಾತಿಯವರಾಗಿದ್ದರು. ತಮ್ಮೊಳಗೆ ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಸಮಾನತೆ ಬಾಗಿಲಿನ ಹೊರಗೆ ನಿಂತ ಜನಕ್ಕೆ ಹೇಗೆ ಕಾಣುತ್ತಿರಬೇಕೆಂಬ ಪ್ರಶ್ನೆಯನ್ನು ಅವರಲ್ಲಿ ಆಗರಕರರಂಥ ಕೆಲವರೆ ಕೇಳಿಕೊಂಡರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬ್ರಾಹ್ಮಣೇತರ ಜನಾಂಗಗಳು ತಮ್ಮ ಶಾಲೆಗಳನ್ನು ತಾವೆ ಕಟ್ಟಿಕೊಳ್ಳತೊಡಗಿದುದಕ್ಕೆ ಇದೂ ಒಂದು ಕಾರಣ. ಸಾತಾರೆಯ ಕಡೆ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ನಮ್ಮಲ್ಲಿ ಅದಕ್ಕೂ ಮೊದಲು, 1916ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ ಕೆಲವರು ತರುಣ ಲಿಂಗಾಯತ ಪದವೀಧರರು ಕೂಡಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದರು. ಸರಕಾರಿ ನೌಕರಿಗೆ ಹೋಗಬಹುದಾಗಿದ್ದವರು ಮಾಸ್ತರಿಕೆಗೆ ಬಂದರು. ಪುಣೆಯ ಮಾದರಿ ಕಣ್ಣ ಮುಂದೆಯೆ ಇದ್ದಿತು, ಪುಣೆಯವರ ಮೇಲಿನ ಮುನಿಸೂ ಇದ್ದಿತು. ಎರಡೂ ಕೂಡಿಯೆ ಆ ಕೆಲಸ ಆಯಿತೆಂದು ನನಗೆ ತೋರುತ್ತದೆ.

ಗಿಲಗಂಚಿ, ಅರಟಾಳ ಎಂಬ ಎರಡು ದಾನಿ ಮನೆತನಗಳ ಹೆಸರು ಹೊತ್ತ ಹೈಸ್ಕೂಲಿನಿಂದ ಅವರ ಕೆಲಸ ಆರಂಭವಾಯಿತು. 1933ರಲ್ಲಿ ಶಿರಸಂಗಿಯ ತ್ಯಾಗವೀರ ಲಿಂಗರಾಜರ ಹೆಸರಿನಲ್ಲಿ ಕಾಲೇಜಾಯಿತು, ಇಂದು ಆ ಸಂಸ್ಥೆಯ ಶಾಖೆಗಳು ನೂರನ್ನು ಮೀರಿವೆ. ಕಟ್ಟಿದವರಲ್ಲಿ ಶಿ. ಶಿ. ಬಸವನಾಳರಿದ್ದರು, ವಚನಗಳ ಸಂಪಾದನೆಯಲ್ಲಿ ಹೆಸರಾದವರು, 1944ರ ರಬಕವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಸಾಖರೆ, ಮಮದಾಪುರ, ಹಂಚಿನಾಳ ಮೊದಲಾದವರಿದ್ದರು. ಬೆಳಗಾವಿಯ ಹಿರಿಯರು ಅವರನ್ನು ಸಪ್ತರ್ಷಿಗಳೆಂದು ಕರೆಯುತ್ತಾರೆ. ಏಳು ಜನ. ಪುಣೆಯಲ್ಲಿ 1884ರ ಕರಾರಿಗೆ ಸಹಿ ಹಾಕಿದವರೂ ಏಳೇ ಜನ.